ತುಲಾಭಾರದಲ್ಲಿ ಉಳಿದ ಮೂರು ಪೆಂಟಿ

ಪೀಠದಲ್ಲಿ ಕುಳಿತ ಅಧ್ಯಕ್ಷರೇ, ಅಂದರೆ ನನ್ನ ಬೆನ್ನಿಗೆ ಬಿದ್ದ ತಮ್ಮ ಸುರೇಬಾನದ ಅಂದಾನೆಪ್ಪಗೌಡರೇ. ಅವರ ಮಗ್ಗುಲಲ್ಲಿ ಕುಳಿತ ಬೈಲಹೊಂಗಲದ ವೈದ್ಯ ನೀಲಕಂಠಾಚಾರ್ಯರೇ. ದೊಡವಾಡದ ಹಿರಿಯರೇ, ಕಂಬದ ಮರೆಗೆ ನಿಂತು ನಗುತ್ತಿರುವ ನನ್ನ ಸೊಸೆಯಂದಿರೇ, ಬೆಲ್ಲದ ಮೇಲೆ ಕಣ್ಣಿಟ್ಟು ಬಂದಿರುವ ಸಮಸ್ತ ಸಭಿಕರೇ,

ಹೆಂಗಸು ಸಭೆಯಲ್ಲಿ ನಿಂತು ಮಾತಾಡುವುದು ಈ ಊರಿಗೆ ಹೊಸದು. ಆದರೆ ನನ್ನ ದನಿ ಹೊಸದೇನಲ್ಲ. ನಾನು ಅಡಿಗೆಮನೆಯಲ್ಲಿ ಆಡಿದ್ದು ಅಗಸೆಬಾಗಿಲಿಗೆ ಕೇಳುತ್ತದೆ ಎಂದು ನೀವೇ ಹೇಳುತ್ತೀರಿ. ನಾನು ಸಾಲಿ ಕಂಡದ್ದು ಎರಡೇ ಮಳೆಗಾಲ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಓಡಾಡುತ್ತ ಮಾತಾಡುತ್ತಿದ್ದೇನೆ, ಅದಕ್ಕೂ ಬೇಸರ ಬೇಡ. ಇವತ್ತು ನನಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನಗೆ ಸಿಹಿಮೂತ್ರದ ಬೇನೆ ಎಂದು ಗೊತ್ತಾಯಿತು. ನನ್ನ ಮಗ ಯಮನಪ್ಪ ಹೆದರಿ, ಅವ್ವ ಚೇತರಿಸಿಕೊಂಡರೆ ಅವಳ ತೂಕದ ಬೆಲ್ಲವನ್ನು ಹಣಮಪ್ಪನ ಗುಡಿಯಲ್ಲಿ ಹಂಚುತ್ತೇನೆ ಎಂದು ಹರಕೆ ಹೊತ್ತ. ಸಕ್ಕರೆ ಬೇನೆಯವಳಿಗೆ ಬೆಲ್ಲದ ತುಲಾಭಾರ! ಮಗನ ಪ್ರೀತಿಗೆ ಬುದ್ಧಿ ಎಲ್ಲಿ ಇರುತ್ತದೆ? ಬೈಲಹೊಂಗಲದಲ್ಲಿ ಹತ್ತಿ ತೂಗುವ ತಕ್ಕಡಿಯಲ್ಲಿ ನನ್ನನ್ನು ಕೂರಿಸಿ ನೋಡಿದ. ದೊಡ್ಡ ದೊಡ್ಡ ಬೆಲ್ಲದ ಅಚ್ಚು, ಅಂಥ ಒಂಬತ್ತು ಪೆಂಟಿಯ ತೂಕವಿದ್ದೆ. ಹರಕೆ ಹೊತ್ತ ದಿನದ ಲೆಕ್ಕದಂತೆ ಇಂದು ಒಂಬತ್ತು ಪೆಂಟಿ ತಂದಿದ್ದಾನೆ. ಆದರೆ ನಿನ್ನೆ ಹಮಾಲರು ತಕ್ಕಡಿ ಕಟ್ಟಿ ನೋಡಿದಾಗ ಆರಕ್ಕೇ ಮುಳ್ಳು ನಿಂತಿತು. ಬಾವಿಯ ಹತ್ತಿರ ಸೀತವ್ವ ನನ್ನನ್ನು ಹಿಡಿದು ನಿಲ್ಲಿಸಿದಳು:

“ಆಯಿ, ಹ್ವಾದ ವರ್ಷನ ತೂಗಿಸಿಕೊಂಡಿದ್ರ ನಮ್ಮ ಓಣಿಗೂ ಬೆಲ್ಲ ಮುಟ್ಟತಿತ್ತು. ನೀ ಆರಾಮಾಗಿ ಊರಿಗೆ ಲುಕ್ಸಾನ ಮಾಡಿದಿ ನೋಡು!”

ಸೀತವ್ವಾ, ಮೂರು ಪೆಂಟಿ ಎಲ್ಲಿ ಹೋಯಿತು, ಕೇಳು. ಬೈಲಹೊಂಗಲದ ದಾರಿಯಲ್ಲಿ ಹೋಯಿತು. ಮೊದಲ ಸಲ ನಾನು ಈ ವೈದ್ಯರ ಮನೆಗೆ ಹೋದದ್ದು ಗಾಡಿಯಲ್ಲಿ, ಎರಡು ಗಾದಿ ಹಾಸಿಕೊಂಡು. ಇವರು ನನ್ನ ಕೈನಾಡಿ ಹಿಡಿಯುವ ಮೊದಲು ಹೊರಗೆ ಬಂದು ಎತ್ತುಗಳನ್ನು ನೋಡಿದರು.

“ಬಾಯವ್ವಾರ, ಈ ಎತ್ತಿಗೆ ಏನೂ ಬ್ಯಾನಿ ಇಲ್ಲ, ಅವು ನಡದು ಬಂದಾವ. ಬ್ಯಾನಿ ನಿಮಗದ, ನೀವು ಕೂತು ಬಂದೀರಿ. ಮುಂದಿನ ಸರ್ತಿ ಕೂತು ಬಂದ್ರ ಎತ್ತಿಗೆ ಔಷಧ ಕೊಟ್ಟು ಕಳಸ್ತೀನಿ.”

ಸಿಟ್ಟು ಬಂದಿತು. ಮುಂದಿನ ಸಲ ಬೈಲಹೊಂಗಲದ ಹುಣಸೆಮರದ ಹತ್ತಿರ ಗಾಡಿ ಇಳಿದು, ನಡೆದೇ ಬಂದವಳ ಹಾಗೆ ಒಳಗೆ ಹೋದೆ. ಅದರ ಮುಂದಿನ ಸಲ ಒಂದು ಮೈಲುಗಲ್ಲು ಹಿಂದೆ ಇಳಿದೆ. ಆಮೇಲೆ ಎರಡು ಕಲ್ಲು, ಆಮೇಲೆ ಮೂರು. ಖಾಲಿ ಗಾಡಿ ಮುಂದೆ, ಮುದುಕಿ ಹಿಂದೆ! ಹೊಲದವರೆಲ್ಲ ಕೈಯ ಕೆಲಸ ಬಿಟ್ಟು ನಕ್ಕರು. ಒಂದು ದಿನ ಗಾಡಿಯನ್ನೇ ಕಟ್ಟಿಸಲಿಲ್ಲ.

ಊಟ? ಹುಗ್ಗಿ ಬಿಟ್ಟೆ, ಹೋಳಿಗೆ ಬಿಟ್ಟೆ, ಅನ್ನ ಬಿಟ್ಟೆ. ಒಂದೂವರೆ ರೊಟ್ಟಿ, ಪುಂಡಿಪಲ್ಲೆ, ಮೊಳಕೆ ಬಂದ ಹೆಸರುಕಾಳು, ದಿನಾ ಹಾಗಲಕಾಯಿ. ನನ್ನ ನಾಲಿಗೆ ಮೊದಲೇ ಕಹಿ, ಈಗ ಹೊಟ್ಟೆಯೂ ಕಹಿಯಾಯಿತು ಎನ್ನುತ್ತಾಳೆ ಹಿರಿಸೊಸೆ. ಬೀಸುಕಲ್ಲಿನ ಗೂಟವನ್ನು ಸೊಸೆಯರ ಕೈಯಿಂದ ಕಸಿದುಕೊಂಡೆ. ಅತ್ತೆಯ ಬೇನೆಯಿಂದ ಸೊಸೆಯಂದಿರಿಗೆ ಸುಖವಾದದ್ದು ನಮ್ಮ ಮನೆಯಲ್ಲೇ ಮೊದಲಿರಬೇಕು.

ಇಷ್ಟಕ್ಕೇ ನಿಲ್ಲಿಸಿ ಎಂದು ಅಧ್ಯಕ್ಷರು ಕೈ ಮಾಡುತ್ತಿದ್ದಾರೆ. ತಡಿ ತಮ್ಮಾ. ಹೇಳಬೇಕಾದ್ದು ಇನ್ನೂ ಇದೆ.

ನನಗೆ ಈ ಬೇನೆ ಇದೆ ಎಂದು ಮೊದಲು ಹೇಳಿದ್ದು ಯಾರು? ವೈದ್ಯರಲ್ಲ. ಇರುವೆ. ಹಿತ್ತಿಲಲ್ಲಿ ನಾನು ಕುಳಿತೆದ್ದ ಜಾಗಕ್ಕೆ ಕೆಂಪಿರುವೆ ಸಾಲುಗಟ್ಟಿದ್ದವು. ನೋಡಿದವಳೇ ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ತಂದೆ, ಮುಚ್ಚಿಬಿಡಲು. ಯಾಕೆ ತಂದೆ? ಕೈಗೆ ರೂಢಿಯಿತ್ತು. ಅದಕ್ಕೂ ಏಳು ವರ್ಷ ಮೊದಲು ನಮ್ಮ ಮನೆಯವರು ಕುಳಿತ ಜಾಗಕ್ಕೆ ಇಂಥವೇ ಇರುವೆ ಬರುತ್ತಿದ್ದವು. ಮಂದಿ ಕಂಡರೆ ಏನಂದಾರು, ಇಷ್ಟು ದೊಡ್ಡ ಮನೆತನ ಎಂದು ನಾನು ದಿನಾ ಮುಂಜಾನೆ ಬೂದಿ ಚೆಲ್ಲಿದೆ. ಆಗಿನ ವೈದ್ಯರು, “ಇರುವಿ ಬರತಾವೇನ್ರಿ?” ಎಂದು ಕೇಳಿದರು. “ಇಲ್ರಿ” ಎಂದೆ. ಮನೆಯವರು ಸೊರಗಿದಂತೆ ಕಂಡಾಗ ಶಕ್ತಿ ಬರಲೆಂದು ಹುಗ್ಗಿಗೆ ಇನ್ನೊಂದು ಹಿಡಿ ಬೆಲ್ಲ ಹಾಕಿದೆ. ಕಾಲಬೆರಳು ಹುಣ್ಣಾಯಿತು. “ಮುಳ್ಳ ನಟ್ಟಿತ್ತು, ಬಿಡ” ಎಂದರು. ಬಿಟ್ಟೆ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು. ಯುಗಾದಿಯನ್ನು ಅವರು ನೋಡಲಿಲ್ಲ.

ಈ ಮಾತನ್ನು ನನ್ನ ಮಕ್ಕಳಿಗೂ ಹೇಳಿರಲಿಲ್ಲ. ಯಮನಪ್ಪಾ, ತಲೆ ಎತ್ತು. ಆ ದಿನ ಬುಟ್ಟಿಯನ್ನು ಕೆಳಗಿಟ್ಟು ನಿನ್ನನ್ನೇ ಕರೆದು ಇರುವೆ ತೋರಿಸಿದೆನಲ್ಲ, ಅದಕ್ಕೇ ಇಂದು ಬದುಕಿದ್ದೇನೆ.

ಎಂಟು ದಿನದ ಹಿಂದೆ ಈ ಸಮಾರಂಭಕ್ಕೆ ಕರೆಯಲು ಸುರೇಬಾನಕ್ಕೆ ಹೋಗಿದ್ದೆ. ತವರುಮನೆಯ ಹಿತ್ತಿಲಿಗೆ ಹೋದೆ. ಗೋಡೆಯ ಹಿಂದೆ, ಗಂಡಸರು ಕೂರುವ ಕಡೆ, ಹೊಸ ಬೂದಿ. ತಮ್ಮನ ಹೆಂಡತಿ ಮರೆವ್ವನ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ತಮ್ಮನನ್ನು ಕೇಳಿದರೆ ಏನಂದ?

“ಅಕ್ಕಾ, ಗೌಡಕಿ ಮಾಡಾವ ಸೊರಗಿದ್ರ ಮಂದಿ ಅಂಜೂದಿಲ್ಲ. ನನಗೇನಾಗೇತಿ? ನಿನ್ನ ಹಾಗಲಕಾಯಿ ನಿನಗ ಇರಲಿ.”

ಇಂದು ಈ ಗೌಡರು ಗಾಡಿಯಿಂದ ಇಳಿಯುವಾಗ ನೋಡಿದೆ. ಎಡಗಾಲಿನ ಬೆರಳಿಗೆ ಅರಿವೆ ಸುತ್ತಿದ್ದಾರೆ. “ಏನದು?” ಎಂದೆ. “ಮುಳ್ಳ ನಟ್ಟಿತ್ತು, ಬಿಡ” ಎಂದರು.

ಬಿಡಲೇ? ಆಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸಭಿಕರೇ, ನೀವೇ ಹೇಳಿರಿ, ಬಿಡಲೇ?

ಸಿಟ್ಟಿನಿಂದ ನೋಡಬೇಡ ತಮ್ಮಾ. ನಿನ್ನ ಮಾನ ಕಳೆದೆ, ನಿಜ. ಒಂದು ಮಾನ ಉಳಿಸಲು ಹೋಗಿ ಒಂದು ಜೀವ ಕಳೆದವಳು ನಾನು. ನನ್ನ ಲೆಕ್ಕದಲ್ಲಿ ಇದು ಅಗ್ಗ. ಆರು ಪೆಂಟಿ ತಕ್ಕಡಿಯ ಆ ಪರಡಿಯಲ್ಲಿ ಇದೆ, ಈ ಪರಡಿ ಖಾಲಿ ಇದೆ. ನೀನು ಕಾಲು ತೋರಿಸುವ ತನಕ ನಾನು ಅದರಲ್ಲಿ ಕೂರುವುದಿಲ್ಲ. ವೈದ್ಯರು ನಿನ್ನಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದಾರೆ. ಕಾಲನ್ನು ಅವರ ಕಡೆ ಚಾಚು. ಕಾಲು ಮಾಯಲಿ, ಆಮೇಲೆ ನಾವಿಬ್ಬರೂ ಮೊದಲ ಮೈಲುಗಲ್ಲಿನ ತನಕ ನಡೆಯೋಣ. ಅಲ್ಲಿಯತನಕ ನೀನು ನನ್ನ ಮನೆಯಲ್ಲೇ ಇರುತ್ತಿ. ನಿನ್ನ ಗಾಡಿ ಸುರೇಬಾನಕ್ಕೆ ಖಾಲಿ ಹೋಗಲಿ. ಮಿಕ್ಕ ಮೂರು ಪೆಂಟಿಯನ್ನು ಸೀತವ್ವನ ಓಣಿಯವರು ಒಯ್ಯಿರಿ.

ಚಾಚು, ತಮ್ಮಾ. ಸಣ್ಣವನಿದ್ದಾಗ ನಿನ್ನ ಕಾಲಿನ ಮುಳ್ಳನ್ನೆಲ್ಲ ತೆಗೆದವಳು ನಾನೇ ಅಲ್ಲವೇ? ಇದು ಮುಳ್ಳಲ್ಲ ಎಂದು ನನಗೆ ಗೊತ್ತು. ನಿನಗೂ ಗೊತ್ತು.

…ಹಾಂ. ಆಚಾರ್ಯರೇ, ಅರಿವೆ ಮೆಲ್ಲಗೆ ಬಿಚ್ಚಿರಿ, ಅವನು ಸಣ್ಣವನಿದ್ದಾಗಿನಿಂದಲೂ ಅಂಜುಬುರುಕ. ಉಳಿದವರು ಆ ಕಡೆ ನೋಡಬೇಡಿರಿ, ನನ್ನ ಮುಖ ನೋಡಿರಿ. ಹಮಾಲರೇ, ತಕ್ಕಡಿ ಸ್ವಲ್ಪ ಕಾಯಲಿ.

ಔಷಧ ಕೊಟ್ಟವರಿಗೆ, ಹರಕೆ ಹೊತ್ತವನಿಗೆ, ನನ್ನನ್ನು ಇಳಿಸಿ ಖಾಲಿ ನಡೆದ ಆ ಎರಡು ಎತ್ತುಗಳಿಗೆ, ಇಷ್ಟು ಹೊತ್ತು ಬೆಲ್ಲ ಬಾಯಿಗಿಲ್ಲದೆ ಕೇಳಿದ ನಿಮಗೆ, ಸಭೆಯೊಳಗೆ ಅಕ್ಕನ ಮಾತು ಕೇಳಿದ ಅಧ್ಯಕ್ಷರಿಗೆ ಉಪಕಾರ. ನಮಸ್ಕಾರ.