ಶೇಂಗಾ ಕುಂತ ಹಾದಿ

...ಅಯ್ಯ, ನೆಲಕ್ಕ ಯಾಕ ಕುಂತ್ರಿ ಅಕ್ಕಾರ! ಖುರ್ಚಿ ಅದ ಅಲ್ರಿ. ಇಲ್ಲ ಇಲ್ಲ, ಕಚ್ಚಂಗಿಲ್ಲ, ಅಂಜಬ್ಯಾಡ್ರಿ. ಶೇಂಗಾ, ಈ ಕಡೆ ಬಾ! ಬಾ ಅಂದ್ರ... ನೋಡ್ರಿ, ಹ್ಯಾಂಗ ನಿಮ್ಮ ಸೆರಗಿನಾಗ ಮೂಗು ತೂರ್ಸ್ಯಾಳ. ಇರ್ಲಿ ಅಂತೀರಿ? ಆಯ್ತು, ಇರ್ಲಿ ಬಿಡ್ರಿ.

ಮೊದಲ ನೀರು ಕುಡೀರಿ. ಕಮಲಾಪುರದಿಂದ ಒಬ್ರೇ ಬಂದ್ರಿ, ಇಂಥಾ ಬಿಸಲಾಗ? ಕಲಬುರಗಿ ತನಕ ಬಸ್ಸು, ಮತ್ತ ಅಲ್ಲಿಂದ ಈ ಕುಸನೂರ ತನಕ ಆಟೋ... ಒಂದು ಫೋನ್ ಮಾಡಿದ್ರ ನಾನೇ ಬರ್ತಿದ್ದೆನಲ್ರಿ. ಖರೇ, ಬರ್ತಿದ್ದೆ. ಬರಬೇಕು, ಶಿವಕಾಂತಮ್ಮ ಅಕ್ಕಾರನ್ನ ನೋಡಬೇಕು ಅಂತ ದಿನಾ ಅನ್ಕೊಂತಿದ್ದೆ... ನಾಕು ತಿಂಗಳಾತಲ್ರಿ ನಿಮ್ಮ ಯಜಮಾನ್ರು ಕಲ್ಯಾಣಪ್ಪ ಅಣ್ಣಾರು ಹೋಗಿ. ಮಣ್ಣಿಗೆ ಬಂದಿದ್ದೆ ನಾನು. ನೀವು ನೋಡಿರಲಿಕ್ಕಿಲ್ಲ. ಹೆಣ್ಮಕ್ಕಳೆಲ್ಲ ನಿಮ್ಮ ಸುತ್ತ ಕುಂತಿದ್ರು. ನಾ ಗೇಟಿನ ಹತ್ರ ನಿಂತೆ, ಹಂಗೇ ಹೊಳ್ಳಿ ಬಂದೆ.

ಇದೇನ್ರಿ ಚೀಲದಾಗ? ಅಯ್ಯ, ಕೆಂಪ ಬಾಳಿಹಣ್ಣು! ಇಡೀ ಹಣಿಗಿ ತಂದೀರಲ್ರಿ. ಬ್ಯಾಡ್ರಿ ಅಕ್ಕಾರ... ನನಗ್ಯಾಕ? ಅಣ್ಣಾರು ಕಾಣದಾದಾಗ ನಾಯಿ ಹಿಡ್ಕೊಂಡು ಹುಡುಕಾಕ ಬಂದಿದ್ದೆ ಅಂತನ? ಅದೇನು ದೊಡ್ಡ ಕೆಲಸ! ಹಂಗ ಕೈ ಮುಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಕೈ ಇಳಿಸ್ರಿ! ನೀವು ದೊಡ್ಡವರು. ...ಆಯ್ತು, ಇಡ್ರಿ. ಅಲ್ಲಿ ಇಡ್ರಿ.

ಆ ಡಬ್ಬಿ ಏನಂತೀರಿ? ಅವು ನಮ್ಮ ಸಾಲಿ ಸಾಮಾನು ನೋಡ್ರಿ. ಹ್ಹ... ನಾಯಿ ಸಾಲಿ! ಐತವಾರ ಐತವಾರ ನಡೀತದ. ಕಾಲೋನಿಯವರು ತಮ್ಮ ತಮ್ಮ ನಾಯಿ ಹಿಡ್ಕೊಂಡು ಬರ್ತಾರ. ದಾನಿಶ್ ಅಂತ ಒಬ್ಬ ಮೆಡಿಕಲ್ ಅಂಗಡಿಯವ ಇದ್ದಾನ, ಅವಂದು ಇಷ್ಟೆತ್ತರದ್ದು ಅದ. ಮದಿಹಾ ಮೇಡಂದು ಬೆಕ್ಕಿನಷ್ಟ ಅದ. ಹತ್ತು ಡಬ್ಬಿ ಸಾಲಾಗಿ ಇಡೋದು, ಒಂದರಾಗ ಮಾತ್ರ ಲವಂಗದ ಎಣ್ಣಿ ಹಚ್ಚಿದ ಹತ್ತಿ. ಮುಚ್ಚಳಕ್ಕ ತೂತು. ನಾಯಿ ಮೂಸ್ಕೋತ ಬರ್ತದ, ಲವಂಗ ಇದ್ದಲ್ಲಿ ನಿಂತ್ರ ಒಂದು ತುಣುಕು ಪನೀರ್. ಅಷ್ಟೇ ಆಟ. ಆಮ್ಯಾಲ ಡಬ್ಬಿ ಹೋಗಿ ಅರಿವಿ ಬರ್ತದ. ಒಬ್ಬರು ಉಟ್ಟ ಅರಿವಿ ಮೂಸಿಸಿ, ಅವರು ಎಲ್ಲಿ ಅಡಗ್ಯಾರ ಹುಡುಕು ಅನ್ನೋದು. ನಾಯಿಗೆ ಏನಿಲ್ರಿ, ಮೂಗು ಹುಟ್ಟಿದಾಗಿಂದನ ಇರ್ತದ. ಕಲಸೋದೆಲ್ಲ ನಮಗ! ಅದು ಹೇಳಿದ್ದು ತಿಳ್ಕೊಳ್ಳೋದು ನಾವು ಕಲೀಬೇಕು.

ಈಕಿ? ಈಕಿ ಯಾವ ಜಾತೀದೂ ಅಲ್ರಿ, ಬೀದಿ ಮರಿ. ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದಾಗ ಶೇಂಗಾ ಮಾರೋ ಬಂಡಿ ಕೆಳಗ ಸಿಕ್ಕಿದ್ಲು. ಆದ್ರ ಏನು ಮೂಗು ಅಂತೀರಿ! ಒಂದು ಸಲ ಮಕ್ಕಳ ಸಾಲಿ ಫಂಕ್ಷನ್‌ನಾಗ ನಮ್ಮ ಆಟ ಇಟ್ಟಿದ್ರು, ಮುನ್ನೂರು ಮಕ್ಕಳು ಕುಂತಾರ, ಅತಿಥಿಗಳು ಕುಂತಾರ. ನಾ ಮೈಕ್ ಹಿಡ್ಕೊಂಡು, ಮಕ್ಕಳೇ, ಈಗ ನಮ್ಮ ಶೇಂಗಾ ಲವಂಗ ಹುಡುಕ್ತಾಳ ಅಂದೆ. ಈಕಿ ಡಬ್ಬಿ ಎಲ್ಲಾ ಬಿಟ್ಟು ಸೀದಾ ಸ್ಟೇಜ್ ಹತ್ತಿ, ಹೆಡ್ ಮಾಸ್ತರ ಖುರ್ಚಿ ಕೆಳಗಿನ ಊಟದ ಡಬ್ಬಿ ಬಾಯಾಗ ಹಿಡ್ಕೊಂಡು ಇಳದ್ಲು! ಖೀಮಾ ಇತ್ತಂತ ಅದರಾಗ. ಶಾಕಾಹಾರಿ ಅಂತ ಊರಿಗೆಲ್ಲ ಹೇಳ್ಕೊಂಡಿದ್ರು ಪಾಪ...

ನಕ್ರಿ! ಅಕ್ಕಾರ, ನಕ್ರಿ ನೀವು. ಯಾಕ ಬಾಯಿ ಮುಚ್ಕೋತೀರಿ, ನಗ್ರಿ. ನಗೋದು ತಪ್ಪಲ್ಲ. ಎಲ್ಲಾರೂ ನಕ್ರು ಆವತ್ತು. ಮೊಬೈಲ್‌ನಾಗ ತಕ್ಕೊಂಡು ಊರ ತುಂಬ ಹಂಚಿದ್ರು. ಒಂದು ತಿಂಗಳು ಕಾಯಿಪಲ್ಯ ತರಾಕ ಹೋದ್ರೂ "ಖೀಮಾ ಬಾಯಿ ಬಂದ್ಲು" ಅಂತಿದ್ರು. ...ಇರ್ಲಿ. ಹಳೇ ಮಾತು.

ಛಾ ಮಾಡ್ಲ? ಬ್ಯಾಡ? ಜರಾ ಮಾಡ್ತೀನಿ. ಕುಂದ್ರು ಅಂತೀರಿ... ಕುಂತೆ. ಹೇಳ್ರಿ.

...

ಏನಂದ್ರಿ? ಯಾರು, ಮೌನೇಶಣ್ಣಾರ? ನಿಮ್ಮ ಮೈದುನ, ಅತ್ತಿಗಿಗೇ ಹಂಗಂದ್ರ? ಎಲ್ಲಾರ ಮುಂದ? "ವೈನಿ ಬಸ್ ಸ್ಟ್ಯಾಂಡ್ ಅಂದಿದ್ದಕ್ಕ ಅಣ್ಣ ಸತ್ತ" ಅಂತ... ಛೆ ಛೆ ಛೆ. ನಿಮ್ಮ ತಪ್ಪೇನ್ರಿ ಅದರಾಗ! ವರ್ಷದಿಂದ ಅಣ್ಣಾರಿಗೆ ಮರವು ಇತ್ತು. ದಿನಾ ಮುಂಜಾನಿ ಎದ್ದು ಕಲಬುರಗಿಗೆ ತಂಗಿ ಮನಿಗೆ ಹೋಗ್ತೀನಿ ಅಂತ ಚಪ್ಪಲಿ ಹಾಕ್ಕೋತಿದ್ರು ಅಂತ ನೀವೇ ಹೇಳಿದ್ರಿ. ಸಂತಿ ದಿನ, ಮನ್ಯಾಗ ಇಲ್ಲ ಅಂದ್ರ ಯಾರಾದ್ರೂ ಬಸ್ ಸ್ಟ್ಯಾಂಡ್ ಅಂತಾರ. ನಾನಿದ್ರೂ ಅಂತಿದ್ದೆ.

ಇಲ್ರಿ ಅಕ್ಕಾರ. ಇಲ್ಲ. ನಾಯಿಗೆ ನೀವು ದಾರಿ ತಪ್ಪಿಸಿಲ್ಲ. ನೀವು ಏನು ಅಂದ್ರಿ ಅಂತ ಕೇಳಿ ನಾಯಿ ನಡೀತದೇನ್ರಿ? ಅದಕ್ಕೇನು ಕನ್ನಡ ತಿಳೀತದ? ನೀವು ಅಣ್ಣಾರ ಬನಿಯನ್ ಕೊಟ್ರಿ, ನಾ ಮೂಸಿಸಿದೆ, ಆಕಿ ನಡೆದ್ಲು. ಅಷ್ಟೇ. ರಾತ್ರಿ ನಿದ್ದಿ ಇಲ್ಲ ಅಂತೀರಿ, ಊಟ ಸೇರಲ್ಲ ಅಂತೀರಿ, ಇದೊಂದು ಕೇಳಾಕ ಈ ಬಿಸಲಾಗ ಬಂದ್ರಿ? ಅಳಬ್ಯಾಡ್ರಿ. ನಿಮ್ಮ ಆಣಿ ಮಾಡಿ ಹೇಳ್ತೀನಿ, ನಿಮ್ಮ ತಪ್ಪು ಇಲ್ಲ.

ಮತ್ತ ಯಾರ ತಪ್ಪು ಅಂದ್ರ... ಯಾರದೂ ಅಲ್ರಿ. ಸಂತಿ ದಿನ ಅಲ್ರಿ ಅದು? ಸಾವಿರ ಕಾಲು ತುಳದ ರಸ್ತೆ. ಮೆಣಸಿನಕಾಯಿ ರಾಶಿ, ಒಣ ಮೀನು, ಕುರಿ, ಟೆಂಪೋ ಹೊಗಿ... ಮೂಗಿಗೆ ಎಷ್ಟಂತ ತಾಕತ್ತು ಇರ್ತದ? ನಿಮ್ಮ ಮನಿಯಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋದ್ಲು, ಅಲ್ಲಿ ನಿಂತ್ಲು. ನಾ ಆವತ್ತೇ ಎಲ್ಲಾರ ಮುಂದ ಹೇಳಿದೆನಲ್ರಿ, ವಾಸನಿ ಇಲ್ಲಿ ತನಕ ಅದ, ಅಣ್ಣಾರು ಬಸ್ ಹತ್ತಿರಬೇಕು ಅಂತ. ಅದು ತಪ್ಪಾತು. ನಾಯಿ ತಪ್ಪೋದು ಇರ್ತದ್ರಿ. ಪೊಲೀಸರ ನಾಯೀನೂ ತಪ್ಪತಾವ. ಆಕಿಗೂ ಬಿಸಲು ಹತ್ತಿತ್ತು, ನಾಲಿಗಿ ಹೊರಗ ಬಿದ್ದಿತ್ತು. ಆ ಗಾಣದ ಹಿಂದಿನ ಸಂದ್ಯಾಗ ಅಂತೂ ಕುಂತಬಿಟ್ಟಿದ್ಲು, ಎಬ್ಬಸಬೇಕಾದ್ರ ನನಗ ಸಾಕಾಗಿ...

...

ಏನ್ರಿ?

ಯಾಕ ಹಂಗ ನೋಡಾಕತ್ತೀರಿ?

ಗಾಣ ಅಂದೆನ ನಾನು? ಇಲ್ರಿ... ಅದು ಬ್ಯಾರೆ... ನಿಮ್ಮೂರಿನ ಓಣಿ ನನಗೇನು ಗೊತ್ತು? ಬಸ್ ಸ್ಟ್ಯಾಂಡಿಗೆ ಹೋಗೋ ಹಾದ್ಯಾಗೂ ಒಂದು ಗಾಣ... ಇಲ್ಲ? ಒಂದ ಗಾಣ ಏನು ನಿಮ್ಮೂರಾಗ? ಬಸ್ ಸ್ಟ್ಯಾಂಡಿಗೆ ಬೆನ್ನು ಮಾಡಿ... ಅಣ್ಣಾರು ಸಿಕ್ಕ ಬಾಳಿ ತ್ವಾಟದ ಕಡೆ.

ಏನಾದ್ರೂ ಅನ್ರಿ ಅಕ್ಕಾರ.

ಬೈರಿ ಬೇಕಾದ್ರ!

...

ಹೌದ್ರಿ. ಹೋಗಿದ್ವಿ ಆ ಕಡೆ.

ನಿಮ್ಮ ಮನಿ ಮೆಟ್ಟಲು ಇಳದ ಕೂಡ್ಲೇ ಆಕಿ ಎಡಕ್ಕ ಹೊಳ್ಳಿದ್ಲು. ಬಸ್ ಸ್ಟ್ಯಾಂಡ್ ಬಲಕ್ಕ. ಗದ್ದಲ ಬ್ಯಾಡ, ನಾವಿಬ್ಬರ ಹೋಗ್ತೀವಿ, ನೀವೆಲ್ಲ ಬಸ್ ಸ್ಟ್ಯಾಂಡಿನ್ಯಾಗ ಇರ್ರಿ ಅಂತ ನಾನೇ ಮಂದಿನ್ನೆಲ್ಲ ಕಳಸಿದ್ದೆ. ಅದಕ್ಕ ಯಾರೂ ನೋಡ್ಲಿಲ್ಲ. ಆಕಿ ಮೂಗು ನೆಲಕ್ಕ ಹಚ್ಚಿ, ಬಾಲ ನೆಟ್ಟಗ ಮಾಡಿ, ಹಗ್ಗ ಜಗ್ಗಿ ಜಗ್ಗಿ ನಡೆದ್ಲು. ನನ್ನ ಕೈ ಕೆಂಪಾಗಿತ್ತು. ಗಾಣದ ಹಿಂದ ಆ ಸಣ್ಣ ಸಂದಿ ಅದ ಅಲ್ರಿ, ಆ ಕಡೆ ಕೋಳಿ ಅಂಗಡಿ, ಈ ಕಡೆ ತ್ವಾಟಕ್ಕ ಹೋಗೋ ಕಾಲುಹಾದಿ. ಅಲ್ಲಿ ಬಂದು ಕುಂತ್ಲು.

ಕುಂದ್ರೋದು ಅಂದ್ರ ದಣಿವಲ್ರಿ. ಸುಳ್ಳು ಹೇಳಿದೆ ನಿಮಗೀಗ. ಕುಂದ್ರೋದು ಅಂದ್ರ ಆಕಿ ಮಾತು. "ಇಲ್ಲೇ ಅದ, ಹೀಂಗೇ ಹೋಗ್ಯಾರ, ನಡಿ" ಅಂತ. ಎರಡು ವರ್ಷ ನಾನೇ ಕಲಸೀನಿ ಅದನ್ನ. ಪನೀರ್ ಕೊಟ್ಟು ಕೊಟ್ಟು, ಮುದ್ದು ಮಾಡಿ ಮಾಡಿ.

ಕೋಳಿ ಅಂಗಡಿ ಮಜರ್ ಭಾಯಿ ಹೊರಗ ನಿಂತಿದ್ರು. ನೋಡಿ ನಕ್ರು. "ಕ್ಯಾ ಬಾಯಿ, ಮುರ್ಗಿ ಕೀ ಬೂ ಲಗೀ ಕ್ಯಾ ಉಸ್ಕು?" ಅಂದ್ರು, ಕೋಳಿ ವಾಸನಿ ಹತ್ತಿತೇನು ನಾಯಿಗೆ ಅಂತ. ಪಾಪ, ಅವರ ಮನಸಿನ್ಯಾಗ ಏನೂ ಇರಲಿಲ್ಲ. ಯಾರನ್ನ ಹುಡುಕಾಕ ಬಂದೀವಿ ಅಂತ ಸುದ್ದಿ ಗೊತ್ತಿರಲಿಲ್ಲ ಅವರಿಗೆ, ಸುಮ್ಮನ ಚ್ಯಾಷ್ಟಿ ಮಾಡಿದ್ರು. ಆದ್ರ ನನ್ನ ಮೈಯೆಲ್ಲ ಉರೀತ್ರಿ. ಮತ್ತ ಖೀಮಾ ಬಾಯಿ! ಅಲ್ಲಿ ಬಸ್ ಸ್ಟ್ಯಾಂಡಿನ್ಯಾಗ ನೂರು ಮಂದಿ ಮೊಬೈಲ್ ಹಿಡ್ಕೊಂಡು ನಿಂತಾರ, ನಾ ಇಲ್ಲಿ ಕೋಳಿ ಅಂಗಡಿ ಮುಂದ ನಾಯಿ ಹಿಡ್ಕೊಂಡು ನಿಂತೀನಿ...

ಜಗ್ಗಿ ಎಬ್ಬಸಿದೆ. ನಾಕ ಹೆಜ್ಜಿ ಬಂದು ಹೊಳ್ಳಿ ಹೋಗಿ ಮತ್ತ ಅಲ್ಲೇ ಕುಂತ್ಲು. ಮತ್ತ ಜಗ್ಗಿದೆ. ಮೂರನೇ ಸಲ ಕುಂತಾಗ... ಹೊಡದೆ ಅಕ್ಕಾರ. ಎಂದೂ ಹೊಡದಿರಲಿಲ್ಲ. ಹಗ್ಗದ ತುದೀಲೆ ಹೊಡದೆ, ಮಾರಿ ಮ್ಯಾಲ. ಆಕಿ ಒದರಲಿಲ್ಲ. ಎದ್ಲು. ನನ್ನ ಹಿಂದ ಬಂದ್ಲು. ಬಸ್ ಸ್ಟ್ಯಾಂಡಿನ್ಯಾಗ ನಿಂತ್ಲು ಅಂದೆನಲ್ಲ, ನಿಂತಿಲ್ಲ, ನಾ ನಿಂದರಸಿದೆ. ನೀವು ಮೊದಲ ಬಸ್ ಸ್ಟ್ಯಾಂಡ್ ಅಂದಿದ್ರಲ್ಲ, ಅದನ್ನೇ ಹಿಡ್ಕೊಂಡೆ. ವಾಸನಿ ಇಲ್ಲಿ ತನಕ ಅದ ಅಂದೆ. ಎಲ್ಲಾರೂ ಹೂಂ ಅಂದ್ರು. ಯಾರೋ ಚಪ್ಪಾಳಿ ಹೊಡದ್ರು. ಅದು ಛಲೋ ಅನಿಸ್ತು ನನಗ! ಆ ಹೊತ್ತಿನ್ಯಾಗ ಛಲೋ ಅನಿಸ್ತು...

ಆಮ್ಯಾಲ ಮಂದಿ ಎಲ್ಲಾ ಕಲಬುರಗಿಗೆ ಓಡಿದ್ರು. ಕೋಟಿ ಗ್ವಾಡಿ ಸುತ್ತ ಹುಡುಕಿದ್ರು, ರೈಲ್ವೆ ಸ್ಟೇಷನ್ ಹುಡುಕಿದ್ರು, ದವಾಖಾನಿ ಹುಡುಕಿದ್ರು. ನಾನೂ ಅವರ ಜೋಡಿ ಹುಡುಕಿದೆ, ನೋಡ್ರಿ ನನ್ನ ಧೈರ್ಯ! ಎರಡು ದಿನ. ನಡುವ ಒಂದು ಸಲ ಮೌನೇಶಣ್ಣಾರಿಗೆ ಫೋನ್ ಮಾಡಿ ತ್ವಾಟದ ಕಡೆ ಒಂದು ಸಲ ನೋಡ್ರಿ ಅನಬೇಕು ಅನ್ಕೊಂಡೆ. ನಂಬರ್ ಒತ್ತಿದೆ. ಅವರು ಹಲೋ ಅಂದ್ರು. ಏನಾದ್ರೂ ಸುದ್ದಿ ಬಂತೇನ್ರಿ ಅಂತ ಕೇಳಿ ಇಟ್ಟೆ.

ಮೂರನೇ ದಿನ ಮುಂಜಾನಿ ತ್ವಾಟಕ್ಕ ನೀರು ಬಿಡಾಕ ಹೋದವರಿಗೆ ಅಣ್ಣಾರು ಸಿಕ್ರು. ಪೈಪಿಗಂತ ತೋಡಿದ ತೆಗ್ಗಿನ್ಯಾಗ, ಟೊಂಕ ಮುರದು. ಆ ಸಂದೀಲಿಂದ ಎಷ್ಟು ದೂರ್ರಿ ಅದು? ನಾ ಹೋಗಿ ಅಳದೀನಿ ಅಕ್ಕಾರ. ಮಣ್ಣಾದ ಮರುದಿನ ಒಬ್ಬಾಕಿನ ಬಂದು ಅಳದೆ. ಇನ್ನೂರ ಹತ್ತು ಹೆಜ್ಜಿ.

ದವಾಖಾನ್ಯಾಗ ಡಾಕ್ಟರು ನಿಮಗ ಏನಂದ್ರು ಅಂತ ನನಗೂ ಗೊತ್ತದ. ಮೊದಲನೇ ದಿನ ತಂದಿದ್ರ ಉಳೀತಿದ್ರು ಅಂತ. ಅದನ್ನ ಕೇಳಿಸ್ಕೊಂಡು ನೀವು, ನಾನೇ ಬಸ್ ಸ್ಟ್ಯಾಂಡ್ ಅಂದೆ, ನಾನೇ ಕೊಂದೆ ಅಂತ ನಾಕು ತಿಂಗಳಿಂದ ಹೊಟ್ಟ್ಯಾಗ ಇಟ್ಕೊಂಡೀರಿ. ನಾ ಇಲ್ಲಿ ಕುಂತು ಎಲ್ಲಾರಿಗೂ, ಶೇಂಗಾನ ಮೂಗು ಹೋತು, ವಯಸ್ಸಾತು, ಇನ್ನ ಕೆಲಸಕ್ಕ ಬಾರದು ಅಂತ ಹೇಳ್ಕೋತ ಬಂದೀನಿ. ನಾಕು ವರ್ಷದ ನಾಯಿಗೆ ವಯಸ್ಸು! ಆಕಿ ಮೂಗಿಗೆ ಏನೂ ಆಗಿಲ್ರಿ. ಈಗೂ ಲವಂಗ ಇಟ್ಟ್ರ ಒಂದು ನಿಮಿಷದಾಗ ಹುಡುಕ್ತಾಳ. ಆದ್ರ ಡಬ್ಬಿ ಮುಂದ ಬಂದು, ಕುಂದ್ರೋಕಿಂತ ಮೊದಲ ನನ್ನ ಮಾರಿ ನೋಡ್ತಾಳ್ರಿ. ಕುಂದ್ರಲೋ ಬ್ಯಾಡೋ ಅಂತ. ಅದನ್ನ ನೋಡಾಕ ಆಗೂದಿಲ್ಲ ನನಗ... ಅದಕ್ಕ ಸಾಲ್ಯಾಗ ಆಕಿನ್ನ ಬಿಡಾಂಗಿಲ್ಲ ಈಗ.

...

ಅಕ್ಕಾರ.

ಹೊಡೀರಿ. ಚಪ್ಪಲಿ ತಗೋರಿ. ನಿಮ್ಮ ಕೈಲೆ ಹೊಡಿಸ್ಕೊಂಡ್ರ ನನಗ ಹಗುರ ಆಗ್ತದ... ಅಲ್ಲ, ನಾ ಹಗುರ ಆಗಬೇಕಂತ ನೀವು ಯಾಕ ಹೊಡೀಬೇಕು? ಅದೂ ನಂದೇ ಸ್ವಾರ್ಥ.

ಎದ್ರಿ? ಹೊಂಟ್ರಿ? ಹೋಗ್ರಿ. ತಡ್ಯಾಂಗಿಲ್ಲ ನಾನು. ಆಟೋ ನಾ ಕರೀತೀನಿ, ಅಷ್ಟಾದ್ರೂ...

ಇಲ್ಲ? ಚೀಲದಾಗ ಏನು ಹುಡುಕಾಕತ್ತೀರಿ? ಕನ್ನಡಕಾ? ಅಲ್ಲೇ ಹಣಿ ಮ್ಯಾಲ ಅದ್ರಿ. ...ಫೋನ್. ಯಾರಿಗೆ ಹಚ್ಚಾಕತ್ತೀರಿ ಅಕ್ಕಾರ? ಯಾರಿಗೆ?

ನನ್ನ ಕೈಯಾಗ ಯಾಕ ಕೊಡ್ತೀರಿ... ಬ್ಯಾಡ್ರಿ. ಫೋನ್‌ನಾಗ ಬ್ಯಾಡ್ರಿ, ನಾ ಬರ್ತೀನಿ, ನಾಳಿ ಬಂದು ಎಲ್ಲಾರನ್ನ ಕೂಡಿಸಿ... ರಿಂಗ್ ಆಗಾಕತ್ತದ. ಅಕ್ಕಾರ, ದಯಮಾಡಿ... ಹಿಂಗ ನೋಡಬ್ಯಾಡ್ರಿ. ಹಿಡದೀನಿ. ಹಿಡದೀನಿ ಬಿಡ್ರಿ.

...ಹಲೋ? ಹಾಂ, ಮೌನೇಶಣ್ಣಾರ... ಇಲ್ರಿ, ನಿಮ್ಮ ವೈನಿ ಅಲ್ಲ ಮಾತಾಡೋದು, ಅವರು ಆರಾಮ ಅದಾರ, ಇಲ್ಲೇ ನನ್ನ ಮುಂದ ನಿಂತಾರ. ನಾನ್ರಿ, ಕುಸನೂರದ ಅಂಬಿಕಾ. ನಾಯಿ ತಂದಿದ್ದೆನಲ್ರಿ... ಹೌದ್ರಿ, ಅದೇ. ಇಲ್ಲ, ಇಡಬ್ಯಾಡ್ರಿ. ಹತ್ತಿರ ಯಾರಾದ್ರೂ ಇದ್ರ ಅವರೂ ಕೇಳ್ಲಿ, ಸ್ಪೀಕರ್ ಹಾಕ್ರಿ. ಆ ದಿನ ನಿಮ್ಮ ವೈನಿ ಏನಂದಿದ್ರೂ ಫರಕ್ ಆಗ್ತಿರಲಿಲ್ಲ ಅಣ್ಣಾರ. ನಾಯಿಗೆ ಹಾದಿ ಸಿಕ್ಕಿತ್ತು.