ಕ್ಲಾರಿ ಕಟ್ಟಿದ ಏರಿ ಒಡೆದ ದಿನ

ಮರ್ರೆ ನದಿಯ ದಂಡೆಯಲ್ಲಿರುವ ನಮ್ಮೂರ ಆಸ್ಪತ್ರೆಯಲ್ಲಿ ಮಧ್ಯಾಹ್ನ ಸರದಿಗೆ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ, ತಮ್ಮ ಹೊಲವನ್ನು ವನ್ಯಧಾಮಕ್ಕೆ ಬಿಟ್ಟುಕೊಟ್ಟಿದ್ದ ಮುದುಕ ಕ್ಲಾರಿ ಕೂತಿದ್ದರು. ಪಕ್ಕದಲ್ಲಿ ಆ ವನ್ಯಧಾಮದಲ್ಲೇ ಕೆಲಸ ಮಾಡುವ ಮಗಳು ನೆರಿಡಾ.

"ಒಡೆದ್ರಾ ನನ್ನ ಏರೀನ?"

"ಬೆಳಗ್ಗೆ ಒಡೆದ್ವಿ, ಅಪ್ಪ."

"ಜೆಸಿಬಿ ಯಾರು ಓಡಿಸಿದ್ದು?"

"ನಾನೇ. ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ."

"ಗಟ್ಟಿ ಇತ್ತಾ?"

"ಸುಲಭಕ್ಕೆ ಬಗ್ಗಲಿಲ್ಲ. ನಿನ್ನ ಹಾಗೇ."

ಕ್ಲಾರಿ ನಗಲಿಲ್ಲ.

"ಪ್ರವಾಹದಲ್ಲಿ ಗೋಧಿ ಎಲ್ಲಾ ಕೊಚ್ಚಿಹೋದ್ಮೇಲೆ ನಾನೂ ನಿಮ್ಮಮ್ಮನೂ ಕಟ್ಟಿದ್ದು ಅದು. ಆಮೇಲೆ ನದಿ ನೀರು ಒಂದು ಹನೀನೂ ಒಳಗೆ ಬಿಡ್ಲಿಲ್ಲ."

"ಅದಕ್ಕೇ ಅಲ್ವಾ ಪ್ರವಾಹದ ನೀರನ್ನೇ ನಂಬಿದ್ದ ನೀಲಗಿರಿ ಮರಗಳು ಒಣಗಿದ್ದು?"

"ಗೊತ್ತು ಕಣೇ. ದಿನಾ ಕಿಟಕಿಯಿಂದ ನೋಡ್ತಿದ್ದವನು ನಾನು. ನೀರು ಎಲ್ಲೀವರೆಗೆ ಬಂತು?"

"ನಾನು ಹೊರಡೋ ಹೊತ್ತಿಗೆ ಮರಗಳ ಬುಡ ಮುಟ್ಟಿತ್ತು. ಕಪ್ಪೆ ಕೂಗೋಕೆ ಶುರುವಾಗಿತ್ತು."

"ಸುಳ್ಳು ಹೇಳ್ಬೇಡ. ಆ ಒಣನೆಲದಲ್ಲಿ ಕಪ್ಪೆ ಎಲ್ಲಿಂದ ಬರ್ಬೇಕು?"

"ಮಣ್ಣೊಳಗೇ ಕಾದು ಕೂತಿದ್ವು, ಅಪ್ಪ."

ನರ್ಸ್ ಕ್ಲಾರಿಯವರ ಹೆಸರು ಕರೆದಳು. ಮಗಳ ತೋಳು ಹಿಡಿದು ಎದ್ದವರು ಡಾಕ್ಟರ ಕೋಣೆಯ ಕಡೆ ತಿರುಗಲೇ ಇಲ್ಲ.

"ಅಪ್ಪಾ, ಡಾಕ್ಟರು ಈ ಕಡೆ."

"ಡಾಕ್ಟರು ನಾಳೇನೂ ಇರ್ತಾರೆ. ಗಾಡಿ ತೆಗಿ. ಆ ಕಪ್ಪೆಗಳ ಕೂಗು ನಾನೂ ಕೇಳ್ಬೇಕು."

ಇಬ್ಬರೂ ಹೊರಬಾಗಿಲು ದಾಟಿ ಹೋದರು.