ನಿಧಾನ ಹೋದ ಕಾರು

ಹರಪನಹಳ್ಳಿಯ ಗ್ಯಾರೇಜಿನಲ್ಲಿ ಸ್ಕೂಟಿಗೆ ಪಂಕ್ಚರ್ ಹಾಕಿಸಲು ಕುಳಿತಿದ್ದ ವಾಣಿಶ್ರೀಗೆ, ಪಕ್ಕದ ಟರ್ಬೊ ಕಾರಿನ ಬಳಿ ನಿಂತಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮೆಕ್ಯಾನಿಕ್ ಯೂಸುಫ್ ಸಾಬರು ಎಂಜಿನ್ನಿಗೆ ಗಾಳಿ ಹೋಗುವ ಪೈಪು ಬಿಚ್ಚಿ ಬಗ್ಗಿಸಿದರು. ಕರಿ ಆಯಿಲ್ ಸುರಿಯಿತು.

“ನೋಡ್ರಿ ಗವಿಸಿದ್ದೇಶಣ್ಣ, ಟರ್ಬೊದಿಂದ ಆಯಿಲ್ ಬಂದು ಇಲ್ಲಿ ಕಟ್ಟೈತಿ. ಹಿಂಗಾದ್ರ ಗಾಡಿಗೆ ದಮ್ಮಿರಂಗಿಲ್ಲ.”

“ಅದಕ್ಕ ಅವತ್ತು ಎಳೀಲಿಲ್ಲೇನು?”

“ಯಾವತ್ತು?”

“ನಮ್ಮ ಮನಿಯಾಕಿನ್ನ ದಾವಣಗೆರಿ ದವಾಖಾನಿಗೆ ಒಯ್ಯುವಾಗ. ಎಷ್ಟು ತುಳಿದ್ರೂ ಓಡಲಿಲ್ಲ, ಸಾಬ್ರ.”

ಯೂಸುಫ್ ಸಾಬರು ಪೈಪು ಕೆಳಗಿಟ್ಟರು. “ಜಲ್ದಿ ಹೋಗಿದ್ರ ಅಕ್ಕಾರು ಉಳೀತಿದ್ರು ಅಂತ ಹೇಳಾಕ ಬರಂಗಿಲ್ರಿ.”

“ಡಾಕ್ಟ್ರೂ ಹಂಗ ಅಂದ್ರು. ಆದ್ರ ಹಿಂದಿನ ಸೀಟಿನ್ಯಾಗ ಮಲಗಿದಾಕಿ, ಮೈ ಕುಲುಕಬಾರದಂತ ನಾನು ನಿಧಾನ ಹೊಡೀತೀನಿ ಅಂತ ತಿಳಕೊಂಡಿದ್ಲು. ‘ಎಷ್ಟು ಜ್ವಾಪಾನ ಮಾಡ್ತೀರಿ ನನ್ನ’ ಅಂದ್ಲು. ಆಮ್ಯಾಲ ಮಾತಾಡಲಿಲ್ಲ.”

“ನೀವೇನಂದ್ರಿ?”

“ಹೂಂ ಅಂದೆ.”

ವಾಣಿಶ್ರೀ ಅವರತ್ತ ನೋಡಲಾರದೆ ತಲೆ ತಗ್ಗಿಸಿದಳು. ಯೂಸುಫ್ ಸಾಬರು ಕೈಯ ಎಣ್ಣೆ ಒರೆಸಿಕೊಂಡು ಗವಿಸಿದ್ದೇಶನ ತೋಳು ಹಿಡಿದರು.

“ಬರ್ರಿ, ಚಾ ಕುಡ್ಯೋಣ.”

ಇಬ್ಬರೂ ರಸ್ತೆ ದಾಟಿ ಹೋದರು.